ಎಂಜಿನ್ ವೆಲ್ಡಿಂಗ್ ಜನರೇಟರ್: ಯಾವ ನಾಬ್ ಯಾವಾಗ ತಿರುಗಿಸಬೇಕು?

ಪ್ರಶ್ನೆ

ಇಲ್ಲಿಯವರೆಗೆ ಶೆಡ್ಡಿನೊಳಗೆ ಕರೆಂಟಿಗೆ ಸಿಕ್ಕಿಸುವ ಇನ್ವರ್ಟರ್ ವೆಲ್ಡಿಂಗ್ ಯಂತ್ರದಲ್ಲಿಯೇ ಬೆಸುಗೆ ಹಾಕಿದವನು ನಾನು. ಈಗ ವಿದ್ಯುತ್ ಇಲ್ಲದ ಜಾಗದಲ್ಲಿ ಪೈಪ್ ಕೆಲಸ ಬಂದಿದೆ. ಡೀಸೆಲ್ ಎಂಜಿನ್ ಇರುವ ಹಳೆಯ ಡಿಸಿ ವೆಲ್ಡಿಂಗ್ ಜನರೇಟರ್ ಕೊಟ್ಟಿದ್ದಾರೆ. ಮುಂದಿನ ಫಲಕದಲ್ಲಿ ಐದು ಹಂತಗಳ ದೊಡ್ಡ ರೇಂಜ್ ಸ್ವಿಚ್, ಪಕ್ಕದಲ್ಲಿ ಕರೆಂಟ್ ಹೆಚ್ಚುಕಡಿಮೆ ಮಾಡುವ ನಾಬ್, ಬೆಸುಗೆ ಇಲ್ಲದಾಗ ಎಂಜಿನ್ ವೇಗ ಇಳಿಸಬೇಕೇ ಬೇಡವೇ ಎಂದು ಆರಿಸುವ ಐಡಲ್ ಸ್ವಿಚ್ (ಆಟೋ, ಹೈ), ರಾಡಿಗೆ ಪ್ಲಸ್ಸೋ ಮೈನಸ್ಸೋ ಎಂದು ಆರಿಸುವ ಪೋಲಾರಿಟಿ ಸ್ವಿಚ್ ಇವೆ. ಒಂದು ಹಂತದ ಮೇಲೆ 190–120 ಎಂದಿದೆ, ಇನ್ನೊಂದರ ಮೇಲೆ 240–160. ನನಗೆ ಬೇಕಾದ 175 ಆಂಪ್ಸ್ ಎರಡರಲ್ಲೂ ಸಿಗುತ್ತದೆ. ಹಾಗಾದರೆ ಎರಡು ಹಂತ ಏಕೆ? ಬಳಸಿ ಗೊತ್ತಿರುವವರು ತಿಳಿಸಿ.

ಪೈಪ್ ಬೆಸುಗೆಯವರ ಉತ್ತರ

ನಿಮ್ಮ ಪ್ರಶ್ನೆಯಲ್ಲಿಯೇ ಈ ಯಂತ್ರದ ಗುಟ್ಟು ಇದೆ. ಆಂಪ್ಸ್ ಒಂದೇ, ಆರ್ಕ್ (ರಾಡಿನ ತುದಿಗೂ ಲೋಹಕ್ಕೂ ನಡುವೆ ಉರಿಯುವ ಕಿಡಿ) ಮಾತ್ರ ಬೇರೆ.

ಇಂತಹ ಯಂತ್ರದಲ್ಲಿ ಚಿಕ್ಕ ನಾಬ್ ಕರೆಂಟನ್ನು ಮಾತ್ರವಲ್ಲ, ಆರ್ಕ್ ಹತ್ತುವ ಮುಂಚಿನ ವೋಲ್ಟೇಜನ್ನೂ ಬದಲಿಸುತ್ತದೆ. 190–120ರಲ್ಲಿ ಇಟ್ಟು ನಾಬನ್ನು ಮೇಲಕ್ಕೆ ತಿರುಗಿಸಿ 175ಕ್ಕೆ ತಂದರೆ ವೋಲ್ಟೇಜ್ ಹೆಚ್ಚಿರುತ್ತದೆ. ಆರ್ಕ್ ಮೆತ್ತಗಿರುತ್ತದೆ, ಕೈ ಒಂದಿಷ್ಟು ಮೇಲೆ ಕೆಳಗೆ ಆದರೂ ಕರೆಂಟ್ ಹೆಚ್ಚು ಏರಿಳಿಯುವುದಿಲ್ಲ, ಆರ್ಕ್ ಆರಿಹೋಗುವುದೂ ಕಡಿಮೆ. ಮಲಗಿಸಿ ಹಾಕುವ ಬೆಸುಗೆಗೆ, ಮೇಲಿನ ಪದರಗಳಿಗೆ, 7018 ಎಂಬ ಬಗೆಯ ರಾಡಿಗೆ ನಾನು ಇದನ್ನೇ ಇಡುತ್ತೇನೆ.

ಅದೇ 175ನ್ನು 240–160ರ ಹಂತದಲ್ಲಿ ನಾಬ್ ತಗ್ಗಿಸಿ ಪಡೆದರೆ ವೋಲ್ಟೇಜ್ ಕಡಿಮೆ, ಆದರೆ ರಾಡನ್ನು ಲೋಹಕ್ಕೆ ಒತ್ತಿದೊಡನೆ ಕರೆಂಟ್ ಜಿಗಿಯುತ್ತದೆ. ಆರ್ಕ್ ಲೋಹವನ್ನು ಕೊರೆದುಕೊಂಡು ಹೋಗುತ್ತದೆ. ಸದ್ದಿನಲ್ಲಿಯೇ ಗೊತ್ತಾಗುತ್ತದೆ: ಮೊದಲನೆಯದು ಸಮನಾಗಿ ಚರಚರ ಎನ್ನುತ್ತದೆ, ಇದು ಗದರಿಸುತ್ತದೆ. ನೇರ ನಿಂತ ಜೋಡಣೆಗೆ, ತಲೆಯ ಮೇಲಿನ ಬೆಸುಗೆಗೆ, ಆಳಕ್ಕೆ ಕೊರೆಯುವ 6010 ರಾಡಿನಲ್ಲಿ ಹಾಕುವ ಮೊದಲ ಪದರಕ್ಕೆ ಇದು ಬೇಕು. ಅಲ್ಲಿ ಕೈಯ ಅಂತರವೇ ಕರೆಂಟಿನ ನಾಬ್ ಆಗುತ್ತದೆ. ರಾಡ್ ಒತ್ತಿದರೆ ಕೊರೆತ, ಎತ್ತಿದರೆ ಕರಗಿದ ಲೋಹಕ್ಕೆ ತಣಿಯಲು ಒಂದು ಕ್ಷಣ. ಇನ್ವರ್ಟರಿನಲ್ಲಿ ಆರ್ಕ್ ಫೋರ್ಸ್ ಎಂಬ ನಾಬ್ ಮಾಡುವ ಕೆಲಸವನ್ನು ಇಲ್ಲಿ ರೇಂಜ್ ಸ್ವಿಚ್, ಚಿಕ್ಕ ನಾಬ್ ಎರಡೂ ಸೇರಿ ಮಾಡುತ್ತವೆ.

ಕೆಲಸದ ತುಂಡಿನ ಮೇಲೆ ಕಲಿಯಬೇಡಿ. ಅದೇ ದಪ್ಪದ ಬೇಡದ ತುಂಡು ತೆಗೆದುಕೊಂಡು, ಎರಡೂ ಹಂತದಲ್ಲಿ ಒಂದೊಂದು ಗೆರೆ ಎಳೆದು, ಮೇಲೆ ಕಟ್ಟಿದ ಗಸಿ (ಸ್ಲ್ಯಾಗ್) ಬಡಿದು ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು ಮಾತು: ಫಲಕದ ಅಂಕಿಯನ್ನು ಅಂದಾಜೆಂದು ತಿಳಿಯಿರಿ. ಕೇಬಲ್ ಉದ್ದವಾದಷ್ಟೂ ರಾಡಿನ ತುದಿಗೆ ಸಿಗುವುದು ಕಡಿಮೆ.

ದುರಸ್ತಿ ಕೆಲಸದವರ ಉತ್ತರ

ಮೇಲಿನವರು ಆರ್ಕಿನ ವಿಷಯ ಚೆನ್ನಾಗಿ ಹೇಳಿದ್ದಾರೆ. ಯಂತ್ರದ ಪರವಾಗಿ ನಾನು ಮಾತನಾಡುತ್ತೇನೆ, ಏಕೆಂದರೆ ಹಾಳಾದ ಮೇಲೆ ಅದು ಬರುವುದು ನನ್ನ ಬಳಿಗೆ.

ರೇಂಜ್ ಸ್ವಿಚ್ಚನ್ನೂ ಪೋಲಾರಿಟಿ ಸ್ವಿಚ್ಚನ್ನೂ ಬೆಸುಗೆ ನಡೆಯುತ್ತಿರುವಾಗ ಯಾವ ಕಾರಣಕ್ಕೂ ತಿರುಗಿಸಬೇಡಿ. ಹಾಗೆ ತಿರುಗಿಸಿದ ಸ್ವಿಚ್ಚನ್ನು ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಸಂಪರ್ಕಗಳ ಮೇಲೆ ಕಪ್ಪು ಕುಳಿಗಳು ಬಿದ್ದಿರುತ್ತವೆ. ಆಮೇಲೆ ಆ ಹಂತದಲ್ಲಿ ಕರೆಂಟ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಎರಡು ಹಂತಗಳ ನಡುವೆ ಸ್ವಿಚ್ ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು. ಚಿಕ್ಕ ನಾಬನ್ನು ಬೆಸುಗೆಯ ನಡುವೆ ತಿರುಗಿಸಬಹುದು, ತೊಂದರೆಯಿಲ್ಲ.

ಕರೆಂಟ್ ಸಾಲದು ಎಂದು ಎಂಜಿನ್ನಿನ ರೇಸ್ ಏರಿಸುವವರನ್ನು ಕಂಡರೆ ನನಗೆ ಸಿಟ್ಟು. ಎಂಜಿನ್ ವೇಗವನ್ನು ಹಿಡಿದಿಡುವ ಗವರ್ನರ್ ಮುಟ್ಟಬೇಡಿ. ಕರೆಂಟಿಗೆ ನಾಬ್ ಇದೆ. ವೇಗವನ್ನು ಕಾರ್ಖಾನೆಯಲ್ಲಿಯೇ ಕಟ್ಟಿರುತ್ತಾರೆ.

ಬೆಳಿಗ್ಗೆ ಎಣ್ಣೆಯ ಕಡ್ಡಿ ನೋಡಿ, ಎಂಜಿನ್ ಹತ್ತಿಸಿ, ಕೆಲವು ನಿಮಿಷ ಲೋಡ್ ಇಲ್ಲದೆ ಬಿಸಿಯಾಗಲು ಬಿಡಿ. ಸಂಜೆ ಲೋಡ್ ತೆಗೆದು ಕೆಲವು ನಿಮಿಷ ಐಡಲಿನಲ್ಲಿ ತಣಿಸಿ, ಆಮೇಲೆ ನಿಲ್ಲಿಸಿ.

ಸಾಕೆಟ್ಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆಯ ಡಿಸಿ ಜನರೇಟರುಗಳಲ್ಲಿ ಕೆಲವಕ್ಕೆ ಸಾಕೆಟ್ಟಿನಲ್ಲಿಯೂ ಡಿಸಿಯೇ ಬರುತ್ತದೆ. ಕಾರ್ಬನ್ ಬ್ರಷ್ ಇರುವ ಸಾದಾ ಗ್ರೈಂಡರ್ ಅದರಲ್ಲಿ ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣ ಹಾಕಿದರೆ ಸುಡುತ್ತದೆ. ಏನನ್ನಾದರೂ ಸಿಕ್ಕಿಸುವ ಮುಂಚೆ ಸಾಕೆಟ್ಟಿನ ಪಕ್ಕದ ಬರಹ ಓದಿ.

ಮತ್ತೊಬ್ಬರು

ಐಡಲ್ ಸ್ವಿಚ್ಚನ್ನು ಯಾವಾಗಲೂ ಹೈನಲ್ಲಿಯೇ ಇಡಿ. ಆಟೋದಲ್ಲಿಟ್ಟರೆ ಬೆಸುಗೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್ ಇಳಿಯುತ್ತದೆ, ಮತ್ತೆ ರಾಡ್ ತಾಗಿಸಿದಾಗ ಅದು ಏರುವವರೆಗೆ ಕಾಯುವುದೇ ಒಂದು ಕೆಲಸ.

ದುರಸ್ತಿ ಕೆಲಸದವರು

ಡೀಸೆಲ್ ಹಣ ನಿಮ್ಮ ಜೇಬಿನದಲ್ಲ ಎಂದು ಕಾಣುತ್ತದೆ! ಆಟೋ ಇರುವುದೇ ರಾಡ್ ಬದಲಿಸುವಾಗ, ಪೈಪ್ ಕೂಡಿಸುವಾಗ ಸುಮ್ಮನೆ ಉರಿಯುವ ಇಂಧನ ಉಳಿಸಲು. ಏರಲು ಬೇಕಾದದ್ದು ಕ್ಷಣಮಾತ್ರ. ಹೈ ಬೇಕಾಗುವುದು ಸಣ್ಣ ಲೋಡಿಗೆ: ಒಂದು ಚಿಕ್ಕ ದೀಪವನ್ನಷ್ಟೇ ಹಾಕಿದರೆ ಕೆಲವು ಯಂತ್ರಗಳ ಆಟೋಗೆ ಅದು ಗೊತ್ತೇ ಆಗುವುದಿಲ್ಲ, ಎಂಜಿನ್ ಕೆಳಗಿನ ವೇಗದಲ್ಲಿಯೇ ಉಳಿಯುತ್ತದೆ. ಹಾಗೆಂದು ಡೀಸೆಲ್ ಎಂಜಿನ್ನನ್ನು ಗಂಟೆಗಟ್ಟಲೆ ಐಡಲಿನಲ್ಲಿಯೂ ಬಿಡಬೇಡಿ. ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಪೂರ್ತಿ ಉರಿಯದ ಇಂಧನ ಹೊಗೆಕೊಳವೆಯಲ್ಲಿ ಜಿಡ್ಡಾಗಿ ಕಟ್ಟಿಕೊಳ್ಳುತ್ತದೆ. ಹೆಚ್ಚು ಹೊತ್ತು ಕೆಲಸವಿಲ್ಲದಿದ್ದರೆ ನಿಲ್ಲಿಸಿಬಿಡಿ.

ಇನ್ನೊಬ್ಬರು

ಎರಡೇ ಮಾತು. ಡ್ಯೂಟಿ ಸೈಕಲ್ 60 ಪ್ರತಿಶತ ಎಂದಿದ್ದರೆ, ಅಲ್ಲಿ ಬರೆದಿರುವ ಆಂಪ್ಸಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಬೆಸುಗೆ, ಉಳಿದ ನಾಲ್ಕು ನಿಮಿಷ ಎಂಜಿನ್ ಓಡುತ್ತಾ ಯಂತ್ರ ತಣಿಯಬೇಕು. ಮತ್ತೆ, ಮಳೆ ಬಂತೆಂದು ಓಡುತ್ತಿರುವ ಯಂತ್ರವನ್ನು ಶೆಡ್ಡಿನೊಳಗೆ ತಳ್ಳಬೇಡಿ. ಬಾಗಿಲು ತೆರೆದಿದ್ದರೂ ಸಾಲದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಎರಡೂ ಹಂತದಲ್ಲಿ ತುಂಡಿನ ಮೇಲೆ ಎಳೆದು ನೋಡಿದೆ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಇವತ್ತು ಇನ್ನೊಂದು ತೊಡಕು: ಚಿಕ್ಕ ನಾಬನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಕರೆಂಟ್ ಬದಲಾಗುತ್ತಿಲ್ಲ. ನಾಬ್ ಸುಟ್ಟಿದೆಯೇ?

ಪೈಪ್ ಬೆಸುಗೆಯವರು

ಬಿಚ್ಚುವ ಮುಂಚೆ ಫಲಕದಲ್ಲಿ ಲೋಕಲ್–ರಿಮೋಟ್ ಎಂಬ ಸಣ್ಣ ಸ್ವಿಚ್ ಇದೆಯೇ ನೋಡಿ. ರಿಮೋಟ್ ಕಡೆಗಿದ್ದರೆ ಫಲಕದ ನಾಬ್ ಹೇಳಿದ್ದನ್ನು ಯಂತ್ರ ಕೇಳುವುದಿಲ್ಲ. ಲೋಕಲ್ ಕಡೆಗೆ ಹಾಕಿ. ಆಗಲೂ ಬದಲಾಗದಿದ್ದರೆ ದುರಸ್ತಿಯವರಿಗೆ ತೋರಿಸಿ. ಅಂದಹಾಗೆ, ರಿಮೋಟಿನ ಡಬ್ಬಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಪೈಪಿನ ಬಳಿಯೇ ಕುಳಿತು ಕರೆಂಟ್ ತಿರುಗಿಸಿಕೊಳ್ಳಬಹುದು, ಪ್ರತಿ ಸಲ ಯಂತ್ರದವರೆಗೆ ನಡೆಯುವುದು ತಪ್ಪುತ್ತದೆ.