ಟೀ ಮಸಾಲೆ ಪುಡಿ ಮನೆಯಲ್ಲೇ ಮಾಡುವವರು ನಿಮ್ಮ ಅನುಭವ ಹೇಳಿ

ಮಲ್ಲಿಗೆ ಬಳ್ಳಿ:
ಎಲ್ಲರಿಗೂ ನಮಸ್ಕಾರ. ಟೀಗೆ ಹಾಕುವ ಮಸಾಲೆ ಪುಡಿ ಮನೆಯಲ್ಲೇ ಮಾಡೋಣ ಅಂದುಕೊಂಡಿದ್ದೇನೆ. ಮನೆಯಲ್ಲಿ ನಾಲ್ಕು ಜನ, ಎರಡು ಹೊತ್ತು ಟೀ. ಅತ್ತೆಗೆ ಗ್ಯಾಸ್ಟ್ರಿಕ್ ಇದೆ, ಖಾರ ಜಾಸ್ತಿ ಆಗಬಾರದು. ಏಲಕ್ಕಿಯನ್ನು ಸಿಪ್ಪೆ ಸಮೇತ ಪುಡಿ ಮಾಡಬಹುದಾ? ಒಣಶುಂಠಿ ಎಷ್ಟು ಹಾಕಬೇಕು? ಒಂದು ತಿಂಗಳಿಗೆ ಆಗುವಷ್ಟು ಮಾಡಿಟ್ಟರೆ ಘಮ ಉಳಿಯುತ್ತದಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಜಯನಗರ ಅಡುಗೆಮನೆ:
ಧಾರಾಳವಾಗಿ ಮಾಡಿ. ಆದರೆ ಮೊದಲು ಖರ್ಚು ತಿಳಿದುಕೊಳ್ಳಿ. ನಾನು ಕಳೆದ ಸಲ ತಂದಿದ್ದು ಹೀಗೆ: ಏಲಕ್ಕಿ 100 ಗ್ರಾಂ 420 ರೂಪಾಯಿ, ಒಣಶುಂಠಿ 100 ಗ್ರಾಂ 60, ಲವಂಗ 50 ಗ್ರಾಂ 70, ಕಾಳುಮೆಣಸು 50 ಗ್ರಾಂ 50, ಚಕ್ಕೆ 50 ಗ್ರಾಂ 35, ಜಾಯಿಕಾಯಿ ಒಂದು 15. ಒಟ್ಟು 650.

ಅಲ್ಲಿಗೇ ಮುಗಿಯಲಿಲ್ಲ. ಅಂಗಡಿಯವನು 'ಒಣಶುಂಠಿ ಚೂರು ಮಾಡಿಯೇ ಇದೆ, ಹಾಗೇ ಮಿಕ್ಸಿಗೆ ಹಾಕಿ' ಅಂದ. ಒಂದು ಗಟ್ಟಿ ಗೆಣ್ಣು ಬ್ಲೇಡ್ ಕೆಳಗೆ ಸಿಕ್ಕಿಕೊಂಡಿತು. ಜಾರ್ ಒಳಗೆ ಟಕ್ ಅಂತ ಸದ್ದು ಬಂತು, ಮೋಟಾರು ತಿರುಗುತ್ತಿದೆ, ಬ್ಲೇಡ್ ಮಾತ್ರ ಅಲುಗಾಡಲಿಲ್ಲ. ಕಪ್ಲರ್ 90, ಬ್ಲೇಡ್ ಸೆಟ್ 240, ಕೂಲಿ 100. ಮಸಾಲೆಗೆ 650 ಕೊಟ್ಟವಳು ರಿಪೇರಿಗೆ ಮತ್ತೆ 430 ಕೊಟ್ಟೆ. ಆ ಅಂಗಡಿಗೆ ಮತ್ತೆ ಕಾಲಿಟ್ಟಿಲ್ಲ.

ಈಗ ಶುಂಠಿಯನ್ನು ಕುಟ್ಟಾಣಿಯಲ್ಲಿ ಚೆನ್ನಾಗಿ ಜಜ್ಜಿದ ಮೇಲೆಯೇ ಮಿಕ್ಸಿಗೆ. ನಂತರ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದರೆ ಮೇಲೆ ನಾರು ಹತ್ತಿಯ ಹಾಗೆ ನಿಲ್ಲುತ್ತದೆ. ಅದನ್ನು ಬಿಸಾಡಬೇಕು. ತೂಕದಲ್ಲಿ ಅದೂ ಒಂದು ನಷ್ಟ.

ಇಷ್ಟಾದರೂ ನಾನು ಪ್ಯಾಕೆಟ್ ತರುವುದಿಲ್ಲ. ಪ್ಯಾಕೆಟ್ ಹಿಂದೆ ಇರುವ ಸಾಮಾನಿನ ಪಟ್ಟಿ ಓದಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ ಇದೆ. ನಾನು ನೋಡಿದ ಪ್ಯಾಕೆಟ್‌ಗಳಲ್ಲಿ ಏಲಕ್ಕಿ ಹೆಸರು ಕೆಳಗಡೆ ಎಲ್ಲೋ ಇರುತ್ತದೆ.

ಘಟ್ಟದ ಮೇಲಿನವ:
100 ಗ್ರಾಂಗೆ 420 ಕೊಟ್ಟೆ ಅಂತ ಕೊರಗುವವರಿಗೆ ಒಂದು ಮಾತು ಹೇಳಬೇಕು. ನಮ್ಮದು ಶಿರಸಿ ಕಡೆ. ಅಡಿಕೆ ತೋಟದ ನಡುವೆ ಅಪ್ಪನ ಕಾಲದಿಂದ ಏಲಕ್ಕಿ ಇದೆ. 2018ರಲ್ಲಿ ಕೇರಳದಲ್ಲಿ ನೆರೆ ಬಂತು. ಅಲ್ಲಿನ ಬೆಳೆ ಹಾಳಾಗಿ 2019ರ ಆಗಸ್ಟ್‌ನಲ್ಲಿ ಹರಾಜಿನಲ್ಲಿ ಕಿಲೋಗೆ 7000 ರೂಪಾಯಿವರೆಗೂ ಹೋಯಿತು. ಆಗ ನಮ್ಮಲ್ಲಿ ಮಾರಲು ಕಾಯಿಯೇ ಇರಲಿಲ್ಲ. ಕಟ್ಟೆ ರೋಗ ಬಂದಿತ್ತು. ಎಲೆಯಲ್ಲಿ ತಿಳಿಹಸಿರು ಗೀಟು ಬೀಳುತ್ತದೆ. ಗಿಡದ ರಸ ಹೀರುವ ಹೇನು ಆ ರೋಗವನ್ನು ಒಂದು ಬುಡದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ಔಷಧಿ ಇಲ್ಲ. ಬುಡ ಸಮೇತ ಕಿತ್ತು ಸುಡುವುದೊಂದೇ ದಾರಿ. ಒಂದು ಸಾಲು ಪೂರ್ತಿ ಕಿತ್ತಿದ್ದೇವೆ. ಇವತ್ತಿಗೂ ಆ ಜಾಗ ನೋಡಿದರೆ ಹೊಟ್ಟೆ ಉರಿಯುತ್ತದೆ.

ಐದಾರು ಕಿಲೋ ಹಸಿಕಾಯಿ ಕೊಯ್ದರೆ ಒಣಗಿದ್ದು ಒಂದು ಕಿಲೋ. ಕೊಯ್ಯುವುದೂ ಒಂದೇ ಸಲಕ್ಕೆ ಅಲ್ಲ. ಬುಡದಲ್ಲಿ ಬಗ್ಗಿ, ಬಲಿತ ಕಾಯಿ ಮಾತ್ರ ಆರಿಸಿ, ತಿಂಗಳುಗಟ್ಟಲೆ ಸುತ್ತು ಹಾಕಬೇಕು. ಅದು ಗೊತ್ತಿದ್ದರೆ ಯಾರೂ ರೇಟು ಜಾಸ್ತಿ ಅನ್ನುವುದಿಲ್ಲ.

ಕೊಳ್ಳುವಾಗ ಹಸಿರು ಬಣ್ಣಕ್ಕೆ, ದಪ್ಪಕ್ಕೆ ದುಡ್ಡು ಕೊಡಬೇಡಿ. 8 ಎಂಎಂ ಕಾಯಿ ನೋಡುವುದಕ್ಕೆ ಚಂದ. ಪುಡಿಗೆ 6 ಎಂಎಂ ಸಾಕು. ಬಿಸಿಲಲ್ಲಿ ಒಣಗಿದ ಕಾಯಿ ಬೆಳ್ಳಗಾಗುತ್ತದೆ, ಅದಕ್ಕೇ ಅದು ಕೆಟ್ಟದ್ದು ಅಂತ ಅಲ್ಲ. ಒಂದು ಕಾಯಿ ಬಿಡಿಸಿ. ಬೀಜ ಕಪ್ಪಗಿದ್ದು, ಬೆರಳಿಗೆ ಅಂಟಿದ ಹಾಗಾಗಿ, ಕಚ್ಚಿದರೆ ನಾಲಿಗೆ ತಣ್ಣಗಾಗಬೇಕು. ಕೆಂಚು ಬಣ್ಣದ ಒಣಕಲು ಬೀಜ ಇದ್ದರೆ ಬಿಟ್ಟು ಬನ್ನಿ. ಸಿಪ್ಪೆ ಮಾತ್ರ ಹಾಕಲೇಬೇಡಿ, ಅದರಲ್ಲಿ ಘಮ ತೀರಾ ಕಡಿಮೆ.

ಜಯನಗರ ಅಡುಗೆಮನೆ:
ನಾನು ಕೊರಗಿಲ್ಲ ಸರ್, ಲೆಕ್ಕ ಹೇಳಿದೆ ಅಷ್ಟೇ. ಸಿಪ್ಪೆ ಬೇಡ ಅನ್ನುತ್ತೀರಲ್ಲ, ತೂಕ ಹಾಕುವಾಗ ಸಿಪ್ಪೆ ಬಿಟ್ಟು ತೂಗುತ್ತೀರಾ? ಕಾಲು ಭಾಗಕ್ಕಿಂತ ಜಾಸ್ತಿ ಸಿಪ್ಪೆಯೇ ಇರುತ್ತದೆ. ದುಡ್ಡು ಕೊಟ್ಟು ತಂದಿದ್ದನ್ನು ನಾನು ಯಾಕೆ ಬಿಸಾಡಲಿ? ಒಂದು ಚಮಚ ಸಕ್ಕರೆ ಜೊತೆ ಹಾಕಿ ತಿರುಗಿಸಿದರೆ ಸಿಪ್ಪೆಯೂ ನುಣ್ಣಗಾಗುತ್ತದೆ.

ಘಟ್ಟದ ಮೇಲಿನವ:
ನುಣ್ಣಗಾದ ಮಾತ್ರಕ್ಕೆ ಘಮ ಬರುವುದಿಲ್ಲ. ಹುಲ್ಲಿನ ಪುಡಿಯೂ ನುಣ್ಣಗಾಗುತ್ತದೆ. ಸಿಪ್ಪೆಯನ್ನು ಟೀಪುಡಿ ಡಬ್ಬಿಯಲ್ಲಿ ಹಾಕಿಡಿ, ಅಲ್ಲಿ ಉಪಯೋಗ ಇದೆ. ಬೆಳೆದವನ ಮಾತು ಕೇಳಿ.

ವಡೋದರಾ ಕನ್ನಡತಿ:
ನೀವಿಬ್ಬರೂ ಏಲಕ್ಕಿ ಹಿಡಿದುಕೊಂಡೇ ಜಗಳ ಆಡುತ್ತಿದ್ದೀರಿ. ಮಸಾಲೆ ಟೀಯ ಜೀವ ಇರುವುದು ಒಣಶುಂಠಿ ಮತ್ತು ಮೆಣಸಲ್ಲಿ. ನಾನು ಮದುವೆಯಾಗಿ ಗುಜರಾತಿಗೆ ಬಂದಾಗಿನಿಂದ ಇಲ್ಲಿನ ಮನೆಗಳಲ್ಲಿ ಕಲಿತಿದ್ದು ಇದು. ಶುಂಠಿ ಅರ್ಧ ಪಾಲು, ಮೆಣಸು ಅದರ ಅರ್ಧ, ಉಳಿದದ್ದೆಲ್ಲ ಸೇರಿ ಇನ್ನೊಂದು ಕಾಲು ಪಾಲು. ಚಳಿಗಾಲದಲ್ಲಿ ಹಿಪ್ಪಲಿ ಬೇರಿನ ಪುಡಿಯನ್ನೂ ಸೇರಿಸುತ್ತಾರೆ. ನೀರು ಕುದಿಯುವಾಗ ನಾಲ್ಕು ಎಲೆ ಪುದೀನ, ಒಂದು ಗೇಣು ಮಜ್ಜಿಗೆಹುಲ್ಲು (ಲೆಮನ್ ಗ್ರಾಸ್). ಗಂಟಲಿಗೆ ಎಂಥಾ ಹಿತ ಗೊತ್ತಾ.

ಚಕ್ಕೆ ವಿಷಯದಲ್ಲಿ ಹುಷಾರು. ನಾದಿನಿ ಕೊಟ್ಟ ಅಳತೆಯಲ್ಲಿ ಚಕ್ಕೆ ಶುಂಠಿಯಷ್ಟೇ ಇತ್ತು. ಆ ಪುಡಿ ಹಾಕಿದ ಟೀ ಬಿಸಿ ಇರುವಾಗ ಚೆನ್ನಾಗಿಯೇ ಇತ್ತು. ಆರುತ್ತಾ ಬಂದ ಹಾಗೆ ಲೋಟದ ತಳದಲ್ಲಿ ಲೋಳೆ ಕಟ್ಟಿತು. ಚಮಚ ಎತ್ತಿದರೆ ಎಳೆ ಬರುತ್ತಿತ್ತು. ನೆಂಟರು ಕೂತಿದ್ದಾರೆ, ಯಾರೂ ಕೊನೆಯ ಗುಟುಕು ಕುಡಿಯಲಿಲ್ಲ. ಚಕ್ಕೆ ಪುಡಿ ನೀರಲ್ಲಿ ನೆನೆದರೆ ಅದರ ಗುಣವೇ ಅದು. 200 ಗ್ರಾಂ ಪುಡಿ ಪೂರ್ತಿ ಹಾಳು. ಅದರಲ್ಲಿ 50 ಗ್ರಾಂ ಏಲಕ್ಕಿ ಇತ್ತು.

ಧಾರವಾಡದ ಚಹಾ:
ಇಷ್ಟೆಲ್ಲಾ ಹಾಕಿದರೆ ಅದನ್ನು ಚಹಾ ಅಂತ ಯಾಕೆ ಕರೀಬೇಕು? ನಾನು ಒಳ್ಳೆ ಚಹಾಪುಡಿ ಕಿಲೋಗೆ 600 ಕೊಟ್ಟು ತರುತ್ತೇನೆ. ಲವಂಗ, ಮೆಣಸು ಸುರಿದು ಅದರ ರುಚಿ ಮುಚ್ಚೋದಕ್ಕೆ ಅಲ್ಲ. ಹಸಿಶುಂಠಿ ಜಜ್ಜಿ ಹಾಕಿ, ಎರಡು ಏಲಕ್ಕಿ ಒಡೆದು ಹಾಕಿ. ಮುಗಿದುಹೋಯಿತು. ಪುಡಿ ಡಬ್ಬಿಯ ಗೊಡವೆಯೇ ಬೇಡ.

ಹಸಿಶುಂಠಿ ಹಾಕುವವರು ಮಾತ್ರ ಇದನ್ನು ಕೇಳಿ. ನಮ್ಮ ಮನೆಗೆ ಬಂದ ಅಳಿಯ ಒಮ್ಮೆ ತಾನೇ ಚಹಾ ಮಾಡುತ್ತೇನೆ ಅಂತ ಹಾಲಿಗೇ ಶುಂಠಿ ಜಜ್ಜಿ ಹಾಕಿ ಒಲೆ ಮೇಲೆ ಇಟ್ಟರು. ಅರ್ಧ ಲೀಟರ್ ಹಾಲು ಒಡೆದು ಹೋಯಿತು. ಹಾಲು ಒಡೆಸುವ ಅಂಶ ಹಸಿಶುಂಠಿಯಲ್ಲೇ ಇದೆ. ಮೊದಲು ಬರೀ ನೀರಲ್ಲಿ ಅದನ್ನು ಚೆನ್ನಾಗಿ ಕುದಿಸಿದರೆ ಆ ಅಂಶ ಸಾಯುತ್ತದೆ. ಆಮೇಲೆ ಹಾಲು. ನಾನು ಹೇಳಿದರೆ ಹಾಲೇ ಹಳೇದಿತ್ತು ಅಂತ ವಾದ ಮಾಡಿದರು. ಇವತ್ತಿಗೂ ಒಪ್ಪಿಲ್ಲ.

ವಡೋದರಾ ಕನ್ನಡತಿ:
ಅಣ್ಣಾ, ಅವರು ಕೇಳಿರುವುದು ಮಸಾಲೆ ಪುಡಿ ಮಾಡುವುದು ಹೇಗೆ ಅಂತ. ಮಾಡಬೇಕೋ ಬೇಡವೋ ಅಂತ ಅಲ್ಲ. ನಿಮಗೆ ಬೇಡ ಅಂದರೆ ಬಿಡಿ.

ಧಾರವಾಡದ ಚಹಾ:
ಅವರ ಅತ್ತೆಗೆ ಖಾರ ಆಗಲ್ಲ ಅಂತ ಬರೆದಿದ್ದಾರೆ ತಂಗೀ. ನೀವು ಕಾಲು ಪಾಲು ಮೆಣಸು ಹಾಕಿ ಅನ್ನುತ್ತೀರಿ, ಮೇಲೆ ಹಿಪ್ಪಲಿ ಬೇರು ಬೇರೆ. ಯಾರ ಪ್ರಶ್ನೆ ಯಾರು ಓದಿಲ್ಲ?

ಕರಾವಳಿ ಹುಡುಗಿ:
ಗ್ಯಾಸ್ಟ್ರಿಕ್ ಇರುವವರಿಗೆ ಟೀಯೇ ಯಾಕೆ? ಕಷಾಯ ಪುಡಿ ಮಾಡಿಡಿ. ನಮ್ಮ ಪುತ್ತೂರಿನ ಮನೆಯಲ್ಲಿ ಅಜ್ಜಿಗೆ ಎಂಬತ್ತು ದಾಟಿದರೂ ಬೆಳಿಗ್ಗೆ ಕಷಾಯವೇ. ಕೊತ್ತಂಬರಿ ಒಂದು ಲೋಟ, ಜೀರಿಗೆ ಅರ್ಧ ಲೋಟ, ಬಡೇಸೋಂಪು ಎರಡು ಚಮಚ, ಮೆಂತ್ಯ ಅರ್ಧ ಚಮಚ, ಮೆಣಸು ಒಂದು ಚಮಚ, ಸ್ವಲ್ಪ ಒಣಶುಂಠಿ. ಎಲ್ಲವನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಪುಡಿ ಮಾಡುವುದು. ಖರ್ಚು ನೂರು ರೂಪಾಯಿಯೂ ಆಗಲಿಕ್ಕಿಲ್ಲ. ಏಲಕ್ಕಿಗೆ 420 ಕೊಡುವ ಗತಿಯೇ ಬರುವುದಿಲ್ಲ. ಬೆಲ್ಲ ಹಾಕುವವರು ಒಲೆ ಆರಿಸಿದ ಮೇಲೆ ಹಾಕಿ. ಹಾಲಿನ ಜೊತೆ ಕುದಿಸಿದರೆ ಒಡೆಯುವುದು ಗ್ಯಾರಂಟಿ.

ಘಟ್ಟದ ಮೇಲಿನವ:
ಕಷಾಯದ ಪುಡಿಗೆ ಶುಂಠಿ ಹಾಕುವುದನ್ನು ನಾನು ನೋಡಿಲ್ಲ. ನಮ್ಮಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಚೂರು ಜಾಯಿಕಾಯಿ. ಕೊತ್ತಂಬರಿಯನ್ನು ಹುರಿದರೆ ಸಾರಿನ ಪುಡಿ ವಾಸನೆ ಬರುತ್ತದೆ, ಬಿಸಿಲಿಗೆ ಇಟ್ಟು ಪುಡಿ ಮಾಡಬೇಕು.

ಕರಾವಳಿ ಹುಡುಗಿ:
ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿಂದ ತರುವುದು ಮಾರಾಯ್ರೇ? ಬೆಚ್ಚಗೆ ಮಾಡದೆ ಪುಡಿ ಮಾಡಿದರೆ ಹತ್ತು ದಿನದಲ್ಲಿ ಗಂಟು ಕಟ್ಟುತ್ತದೆ. ಬೆಚ್ಚಗೆ ಅಂತ ಬರೆದಿದ್ದೇನೆ, ಹುರಿಯಿರಿ ಅಂತ ಬರೆದಿಲ್ಲ. ನಮ್ಮ ಅಜ್ಜಿಯ ಕಷಾಯಕ್ಕೆ ನೀವು ಹೆಸರಿಡುವುದು ಬೇಡ.

ಪುಡಿ ಮಾರುವವಳು:
ನಾನು ಮನೆಯಿಂದಲೇ ಟೀ ಮಸಾಲೆ ಮಾಡಿ ಮಾರುತ್ತೇನೆ, ಹಾಗಾಗಿ ಒಂದಿಷ್ಟು ಹೇಳುವ ಹಕ್ಕು ಇದೆ ಅಂದುಕೊಂಡಿದ್ದೇನೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ, ಅದು ಭಾರ ಆಗಲಿಲ್ಲ. ಭಾರ ಆಗಿದ್ದು ಉಳಿದದ್ದು. ಸೀಲ್ ಮಾಡುವ ಮಷೀನ್ 1800. ಪೌಚ್ ಒಂದಕ್ಕೆ 4, ಲೇಬಲ್ 2. ಕೊರಿಯರ್ 60. 50 ಗ್ರಾಂ ಪುಡಿ 150ಕ್ಕೆ ಮಾರಿದರೆ ಕೈಗೆ ಉಳಿಯುವುದು ಚಿಲ್ಲರೆ.

ಅಷ್ಟರಲ್ಲಿ ಒಂದು ಸಲ ಲವಂಗ ಕೈಕೊಟ್ಟಿತು. ಸಗಟು ಅಂಗಡಿಯವರು ಕಡಿಮೆಗೆ ಕೊಡುತ್ತೇವೆ ಅಂತ ಎಣ್ಣೆ ತೆಗೆದ ಲವಂಗ ಕೊಟ್ಟರು. ನೋಡಲು ಲವಂಗವೇ. ಬಣ್ಣ ಸ್ವಲ್ಪ ಮಂಕು, ಸುಕ್ಕು ಜಾಸ್ತಿ. ಒಳ್ಳೆಯದಾದರೆ ಉಗುರಿನಿಂದ ಒತ್ತಿದಾಗ ಎಣ್ಣೆ ಜಿನುಗುತ್ತದೆ. ಇದರಲ್ಲಿ ಬರೀ ಹೊಟ್ಟು. ನೀರಿಗೆ ಹಾಕಿದರೆ ಒಳ್ಳೆ ಲವಂಗ ಮುಳುಗುತ್ತದೆ, ಇದು ತೇಲಿತು. ಆ ಪುಡಿ ಕೊಂಡವರು ಘಮವೇ ಇಲ್ಲ ಅಂತ ವಾಪಸ್ ಕಳಿಸಿದರು. ಕೊರಿಯರ್ ಎರಡೂ ಕಡೆಯದ್ದು ನನ್ನ ತಲೆಗೇ ಬಂತು. ಅಂಗಡಿಯವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ.

ಮೆಣಸಿಗೂ ಅದೇ ಪರೀಕ್ಷೆ ಮಾಡಿ. ತೇಲಿದ್ದೆಲ್ಲ ಕಲಬೆರಕೆ ಮಾಡಿದ ಪರಂಗಿ (ಪಪ್ಪಾಯಿ) ಬೀಜ.

ಘಟ್ಟದ ಮೇಲಿನವ:
ತಪ್ಪು. ತೇಲಿದ್ದೆಲ್ಲ ಪರಂಗಿ ಬೀಜ ಅಲ್ಲ. ಬಲಿಯದ ಜೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ಕೈಯಲ್ಲಿ ತೆಗೆದುಕೊಂಡು ನೋಡಿ. ಮೆಣಸು ಗುಂಡಗಿರುತ್ತದೆ, ಪರಂಗಿ ಬೀಜ ಮೊಟ್ಟೆಯಾಕಾರ, ಹಸಿರು ಮಿಶ್ರಿತ ಕಂದು. ಕಚ್ಚಿದರೆ ರುಚಿಯಲ್ಲೂ ಗೊತ್ತಾಗುತ್ತದೆ. ಇಂಥ ಅರ್ಧ ಮಾತಿನಿಂದ ನಮ್ಮ ಮೆಣಸು ಕಲಬೆರಕೆ ಅನ್ನಿಸಿಕೊಳ್ಳುತ್ತದೆ. ಹೋದ ವರ್ಷ ಒಬ್ಬರು ಹೀಗೇ ನೀರಿಗೆ ಹಾಕಿ ನೋಡಿ, ಹತ್ತು ಕಿಲೋ ವಾಪಸ್ ತಂದು ಅಂಗಳದಲ್ಲಿ ಇಟ್ಟು ಹೋದರು.

ಪುಡಿ ಮಾರುವವಳು:
ಜೊಳ್ಳು ಬೆರೆಸಿ ಮಾರುವುದು ಮಾತ್ರ ಸರೀನಾ? ಪೂರ್ತಿ ರೇಟು ಕೊಟ್ಟಿರುತ್ತೇವಲ್ಲ.

ಘಟ್ಟದ ಮೇಲಿನವ:
ತೂರಿ ಕೊಡಿ ಅಂದರೆ ತೂರಿ ಕೊಡುತ್ತೇವೆ. ಅದಕ್ಕೆ ರೇಟು ಬೇರೆ. ಅಗ್ಗದ್ದೇ ಬೇಕು ಅಂದು ಆಮೇಲೆ ಜೊಳ್ಳು ಅನ್ನಬಾರದು.

ಮಲ್ಲಿಗೆ ಬಳ್ಳಿ:
ಎಲ್ಲರಿಗೂ ಧನ್ಯವಾದ. ಆದರೆ ಅಳತೆ ಇನ್ನೂ ಗೊತ್ತಾಗಲಿಲ್ಲ. ಒಂದು ತಿಂಗಳು ಘಮ ಉಳಿಯುತ್ತದಾ ಅನ್ನುವುದಕ್ಕೂ ಯಾರಾದರೂ ಹೇಳಿ.

ಪುಡಿ ಮಾರುವವಳು:
ಉಳಿಯುತ್ತದೆ. ಪುಡಿ ಮಾಡುವಾಗ ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ, ಜಾರ್ ಬಿಸಿಯಾದರೆ ಘಮ ಅಲ್ಲೇ ಹಾರಿಹೋಗುತ್ತದೆ. ಬಿಟ್ಟು ಬಿಟ್ಟು ತಿರುಗಿಸಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಎರಡು ಸಣ್ಣ ಬಾಟಲಿ ಮಾಡಿ, ಒಂದನ್ನು ತೆಗೆಯಲೇಬೇಡಿ. ನಾನು ನೋಡಿದ ಮಟ್ಟಿಗೆ ಪುಡಿ ಜಾಸ್ತಿ ಹಾಳಾಗುವುದು ಒಲೆ ಹತ್ತಿರ. ಕುದಿಯುವ ಪಾತ್ರೆ ಮೇಲೆ ಬಾಟಲಿ ಹಿಡಿದು ಚಮಚದಲ್ಲಿ ಹಾಕುತ್ತಾರೆ. ಆವಿ ನೇರ ಬಾಟಲಿಯೊಳಗೆ ಹೋಗುತ್ತದೆ. ವಾರದಲ್ಲಿ ಗಂಟು. ಪುಡಿಯನ್ನು ಪಕ್ಕದಲ್ಲಿ ಚಮಚಕ್ಕೆ ತೆಗೆದುಕೊಂಡು, ಮುಚ್ಚಳ ಹಾಕಿ, ಆಮೇಲೆ ಪಾತ್ರೆಗೆ ಹಾಕಿ.

ಜಯನಗರ ಅಡುಗೆಮನೆ:
ಅಳತೆ ಬರೆದುಕೊಳ್ಳಿ: ಏಲಕ್ಕಿ 35 ಗ್ರಾಂ ಸಿಪ್ಪೆ ಸಮೇತ, ಒಣಶುಂಠಿ 20, ಚಕ್ಕೆ 5, ಲವಂಗ 5, ಮೆಣಸು 5, ಜಾಯಿಕಾಯಿ ಕಾಲು ತುಂಡು ತುರಿದು. ನಾಲ್ಕು ಲೋಟಕ್ಕೆ ಅರ್ಧ ಚಮಚ. ನಿಮ್ಮ ಮನೆಗೆ ತಿಂಗಳಿಗೆ ಸರಿಹೋಗುತ್ತದೆ. ಅತ್ತೆಗೆ ಅದೂ ಖಾರ ಅನ್ನಿಸಿದರೆ ಮೆಣಸು ಬಿಟ್ಟು ಬಡೇಸೋಂಪು ಹಾಕಿ.

ವಡೋದರಾ ಕನ್ನಡತಿ:
ಮೆಣಸು ಬಿಟ್ಟು, ಏಲಕ್ಕಿ ಅರ್ಧ ಹಾಕಿದರೆ ಅದು ಪಾಯಸದ ಪುಡಿ.

ಘಟ್ಟದ ಮೇಲಿನವ:
ಸಿಪ್ಪೆ ಸಮೇತ ಅಂತ ಮತ್ತೆ ಬರೆದಿದ್ದೀರಿ. ಬೀಜ ಮಾತ್ರ 25 ಗ್ರಾಂ ಹಾಕಿ, ಸಾಕು. ಹೊಸ ಕಾಯಿ ಮಳೆಗಾಲ ಮುಗಿಯುವ ಹೊತ್ತಿಗೆ ಪೇಟೆಗೆ ಬರುತ್ತದೆ, ಆಗ ಕೊಳ್ಳಿ. ಹಾವೇರಿಯ ಏಲಕ್ಕಿ ಹಾರ ಮನೆಯಲ್ಲಿ ತೂಗುಹಾಕಿದ್ದಿದೆ ಅಂತ ಅದರ ಕಾಯಿ ಬಿಡಿಸಿ ಪುಡಿಗೆ ಹಾಕುವವರನ್ನೂ ನೋಡಿದ್ದೇನೆ. ಅದು ಬೇಡ, ಗಾಳಿಗೆ ಬಿಟ್ಟ ಕಾಯಿಯಲ್ಲಿ ಘಮ ಉಳಿದಿರುವುದಿಲ್ಲ.

ಜಯನಗರ ಅಡುಗೆಮನೆ:
ಸಿಪ್ಪೆ ಸಮೇತವೇ ಹಾಕುತ್ತೇನೆ ಸರ್. ನಮ್ಮ ಮನೆಗೆ ಬಂದು ಒಂದು ಲೋಟ ಕುಡಿದವರು ಎರಡನೆಯದು ಕೇಳುತ್ತಾರೆ. ಹಾರದ ವಿಷಯ ಮಾತ್ರ ನೀವು ಹೇಳಿದ್ದು ಸರಿ.