ತೂಕ ಇಳಿಸಿದ ಮೇಲೆ ಕೊಬ್ಬು ಮರಳದಂತೆ ಸ್ನಾಯು ಬೆಳೆಸುವುದು ಹೇಗೆ?

ಕಾಳಿತೀರ (ಕಾರವಾರ):
ವಯಸ್ಸು 27, ಎತ್ತರ 170 ಸೆಂ.ಮೀ. ಎಂಟು ತಿಂಗಳಲ್ಲಿ 84 ಕೆ.ಜಿ.ಯಿಂದ 68ಕ್ಕೆ ಇಳಿದಿದೆ. ನಡಿಗೆ ಮತ್ತು ಊಟ ಕಡಿಮೆ, ಇಷ್ಟೇ, ಭಾರ ಎತ್ತಿದ್ದಿಲ್ಲ. ಈಗ ಕೈಕಾಲು ಸಪೂರ, ಹೊಟ್ಟೆ ಮಾತ್ರ ಜೋಲು. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ 87 ಸೆಂ.ಮೀ. ದಿನಕ್ಕೆ ಸುಮಾರು 1,500 ಕ್ಯಾಲೊರಿ ತಿನ್ನುತ್ತಿದ್ದೇನೆ. ‘ಬಲ್ಕ್ ಮಾಡು, 3,000 ತಿನ್ನು’ ಎನ್ನುವವರೂ ಇದ್ದಾರೆ, ‘ಹೊಟ್ಟೆ ಪೂರ್ತಿ ಕರಗಿಸಿ ಆಮೇಲೆ ಜಿಮ್ಮಿಗೆ ಹೋಗು’ ಎನ್ನುವವರೂ ಇದ್ದಾರೆ. ಮೀನು, ಮೊಟ್ಟೆ ನಡೆಯುತ್ತದೆ. ಯಾವುದು ಸರಿ?

ಅಘನಾಶಿನಿ (ಕುಮಟಾ):
ಎರಡೂ ಬೇಡ ತಮ್ಮಾ. ಹೊಸದಾಗಿ ಭಾರ ಎತ್ತುವವನ ಸ್ನಾಯು ಹೆಚ್ಚುವರಿ ಊಟವಿಲ್ಲದೆಯೂ ಬೆಳೆಯುತ್ತದೆ. ಮೈಯಲ್ಲಿರುವ ಕೊಬ್ಬೇ ಶಕ್ತಿ ಕೊಡುತ್ತದೆ. ಈ ಅನುಕೂಲ ಮೊದಲ ವರ್ಷ ಹೆಚ್ಚು, ಆಮೇಲೆ ಕಡಿಮೆ. 3,000 ತಿಂದರೆ ಸ್ನಾಯು ದುಪ್ಪಟ್ಟು ವೇಗದಲ್ಲಿ ಬೆಳೆಯುವುದಿಲ್ಲ, ಉಳಿದದ್ದು ಹೊಟ್ಟೆಗೇ ಸೇರುತ್ತದೆ. 1,500ರಲ್ಲೇ ಉಳಿದರೆ ಎತ್ತುವ ಬಲ ಏರುವುದು ನಿಧಾನ, ನಿದ್ದೆಯೂ ಕೆಡಬಹುದು.

ಎರಡು ಮೂರು ವಾರದಲ್ಲಿ 2,000–2,100ಕ್ಕೆ ಏರಿಸಿ, ಅಲ್ಲೇ ನಿಲ್ಲಿಸು. ಪ್ರೋಟೀನ್ ತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ, ಅಂದರೆ ನಿನಗೆ ಹತ್ತಿರ ಹತ್ತಿರ 110 ಗ್ರಾಂ. ಮೂರು ಮೊಟ್ಟೆಯಿಂದ 18, ಮುಳ್ಳು ತೆಗೆದ 150 ಗ್ರಾಂ ಬಾಂಗಡೆಯಿಂದ 28, 400 ಮಿ.ಲೀ. ಹಾಲು ಅಥವಾ ಮೊಸರಿನಿಂದ 13, ಹಸಿ ತೂಕದ 50 ಗ್ರಾಂ ಬೇಳೆಯಿಂದ 11, ಒಣ ಸೋಯಾ ಚಂಕ್ಸ್ 30 ಗ್ರಾಂನಿಂದ 15, 50 ಗ್ರಾಂ ಹುರಿಗಡಲೆಯಿಂದ 10. ಉಳಿದದ್ದು ಅನ್ನ, ಚಪಾತಿಯಿಂದ ಬರುತ್ತದೆ. ಅನ್ನ ಬಿಡಬೇಡ, ಭಾರ ಎತ್ತಲು ಅದು ಬೇಕು.

ನಮ್ಮ ಕಡೆ ಲೆಕ್ಕ ತಪ್ಪುವುದು ತೆಂಗು, ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120 ಕ್ಯಾಲೊರಿ. 100 ಗ್ರಾಂ ಕಾಯಿತುರಿಗೆ 350. ರವೆ ಹಚ್ಚಿ ಹುರಿದ ಬಾಂಗಡೆಗೂ ಸಾರಿನ ಬಾಂಗಡೆಗೂ ಪ್ರೋಟೀನ್ ಒಂದೇ, ಕ್ಯಾಲೊರಿ ಒಂದೇ ಅಲ್ಲ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುವಾಗ ತಾಜಾ ಮೀನು ಕಡಿಮೆ. ಆಗ ಮೊಟ್ಟೆ, ಕೋಳಿ ಹೆಚ್ಚಿಸು. ಒಣಮೀನಿನ ಉಪ್ಪಿಗೆ ಮೈ ನೀರು ಹಿಡಿದಿಟ್ಟು ತಕ್ಕಡಿ ಮೇಲೇರುತ್ತದೆ, ಅದು ಕೊಬ್ಬಲ್ಲ.

ಕಬ್ಬಿಣದ ಕೈ:
ತರಬೇತಿಯ ಬಗ್ಗೆ. ವಾರಕ್ಕೆ ಮೂರು ದಿನ ಸಾಕು, ಪ್ರತಿ ಸಲ ಇಡೀ ದೇಹಕ್ಕೆ: ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ಭಾರ ಎತ್ತುವುದು), ಡಂಬೆಲ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋಯಿಂಗ್ (ಭಾರವನ್ನು ಹೊಟ್ಟೆಯತ್ತ ಎಳೆಯುವುದು), ಲ್ಯಾಟ್ ಪುಲ್‌ಡೌನ್ (ಮೇಲಿನ ಸರಳನ್ನು ಎದೆಯತ್ತ ಎಳೆಯುವುದು), ತಲೆಮೇಲೆ ಪ್ರೆಸ್. ತಲಾ ಮೂರು ಸೆಟ್ (ಸುತ್ತು), ಪ್ರತಿ ಸೆಟ್‌ನಲ್ಲಿ 8ರಿಂದ 12 ಸಲ. ‘ಇನ್ನೂ ಎರಡು ಸಲ ಎತ್ತಬಹುದಿತ್ತು’ ಅನ್ನಿಸುವಾಗ ನಿಲ್ಲಿಸಿ. ಸೆಟ್ ನಡುವೆ 2–3 ನಿಮಿಷ ವಿಶ್ರಾಂತಿ. ಮೂರೂ ಸೆಟ್ 12ಕ್ಕೆ ಮುಟ್ಟಿದ ದಿನ ಬರೆದಿಡಿ, ಮುಂದಿನ ಸಲ 2.5 ಕೆ.ಜಿ. ಹೆಚ್ಚಿಸಿ. ಆಗ 8–9ಕ್ಕೆ ಇಳಿಯುತ್ತದೆ, ಮತ್ತೆ 12ಕ್ಕೆ ಹತ್ತಬೇಕು. ಸ್ನಾಯುವಿಗೆ ಬೆಳೆಯುವ ಕಾರಣ ಸಿಗುವುದೇ ಈ ಏರಿಕೆಯಿಂದ.

ಕೆಡುವುದು ಎಲ್ಲಿ? ವಾರ ವಾರಕ್ಕೆ ವ್ಯಾಯಾಮ ಬದಲಿಸುವುದು, ಭಾರ ಏರಿಸುವ ಆಸೆಗೆ ಸ್ಕ್ವಾಟನ್ನು ಅರ್ಧಕ್ಕೆ ನಿಲ್ಲಿಸುವುದು, ನೋಟ್‌ಪುಸ್ತಕ ಇಡದಿರುವುದು. ನಡಿಗೆ ಬಿಡಬೇಡಿ, ದಿನಕ್ಕೆ 7–8 ಸಾವಿರ ಹೆಜ್ಜೆ ಇರಲಿ. ಟ್ಯಾಗೋರ್ ಕಡಲತೀರದಲ್ಲಿ ನಡೆಯುವುದಾದರೆ ಕಾಲಿನ ವ್ಯಾಯಾಮದ ಹಿಂದಿನ ದಿನ ಸಡಿಲ ಮರಳು ಬೇಡ, ಅಲೆ ತೊಯಿಸಿದ ಗಟ್ಟಿ ಮರಳಿನ ಮೇಲೆ ಹೋಗಿ. ಮೀನಖಂಡ ದಣಿದಿದ್ದರೆ ಸ್ಕ್ವಾಟ್ ಹಾಳು.

ಘಟ್ಟದ ಮೇಲಿನವಳು (ಶಿರಸಿ):
ಮೀನು ಮೊಟ್ಟೆ ತಿನ್ನದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಬೇಳೆಯ ‘100 ಗ್ರಾಂಗೆ 22 ಗ್ರಾಂ ಪ್ರೋಟೀನ್’ ಎನ್ನುವುದು ಹಸಿ ಬೇಳೆಯ ಲೆಕ್ಕ. ತಟ್ಟೆಯ ತೆಳ್ಳನೆ ಸಾರಿಗೆ ಅದನ್ನು ಹಚ್ಚಿದರೆ ದಿನಾ 20–30 ಗ್ರಾಂ ಕೊರತೆ ಬೀಳುತ್ತದೆ, ಗೊತ್ತೂ ಆಗುವುದಿಲ್ಲ. ತಂಬುಳಿ ಹೊಟ್ಟೆಗೆ ತಂಪು, ಆದರೆ ಪ್ರೋಟೀನ್ ಲೆಕ್ಕಕ್ಕಿಲ್ಲ. 50 ಗ್ರಾಂ ಒಣ ಸೋಯಾ ಚಂಕ್ಸ್ ಕುದಿಸಿ, ನೀರು ಹಿಂಡಿ ಪಲ್ಯ ಮಾಡಿದರೆ 26 ಗ್ರಾಂ ಸಿಗುತ್ತದೆ. ಪನ್ನೀರಿನಲ್ಲಿ ಪ್ರೋಟೀನಿನಷ್ಟೇ ಕೊಬ್ಬೂ ಇದೆ. ಕೆನೆ ತೆಗೆದ ಹಾಲು ಒಡೆಸಿ ಮನೆಯಲ್ಲೇ ಮಾಡುವುದು ಮೇಲು. ಆದರೂ ಕಡಿಮೆ ಬಿದ್ದರೆ ಒಂದು ಸ್ಕೂಪ್ ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), 24 ಗ್ರಾಂ ಆಸುಪಾಸು. ಮೂತ್ರಪಿಂಡದ ತೊಂದರೆ ಇರುವವರು ಇಷ್ಟು ಪ್ರೋಟೀನಿಗೆ ಮೊದಲು ವೈದ್ಯರನ್ನು ಕೇಳಲೇಬೇಕು.

ಕಾಳಿತೀರ:
12 ದಿನ ಆಯಿತು. ತೂಕ 1.2 ಕೆ.ಜಿ. ಏರಿದೆ. ಊಟ ಮತ್ತೆ ಇಳಿಸಲೇ? ಭಾರ ಎತ್ತುವವರು ತಿನ್ನುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳಬಹುದೇ?

ಅಘನಾಶಿನಿ (ಕುಮಟಾ):
ಇಳಿಸಬೇಡ. ಬಹಳ ಜನ ದಾರಿ ತಪ್ಪುವುದೇ ಈ ಹಂತದಲ್ಲಿ. ಅನ್ನ ಹೆಚ್ಚಾದಾಗ ಸ್ನಾಯುವಿನಲ್ಲಿ ಗ್ಲೈಕೋಜನ್ (ಮೈ ಕೂಡಿಡುವ ಸಕ್ಕರೆ) ತುಂಬುತ್ತದೆ, ಪ್ರತಿ ಗ್ರಾಂ ಗ್ಲೈಕೋಜನ್ ಜತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಹೊಟ್ಟೆಯೊಳಗಿನ ಆಹಾರದ ತೂಕವೂ ಸೇರಿತು. ಒಂದು ಕೆ.ಜಿ. ಕೊಬ್ಬು ಕಟ್ಟಲು ಹತ್ತಿರ ಹತ್ತಿರ 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು, ನೀನು ಅಷ್ಟು ತಿಂದಿಲ್ಲ.

ಕ್ರಿಯಾಟಿನ್ ಮೋನೋಹೈಡ್ರೇಟ್ ದಿನಕ್ಕೆ 3–5 ಗ್ರಾಂ ಸಾಕು. ಅದೂ ನೀರು ಸೇರಿಸಿ ಒಂದು ಕೆ.ಜಿ.ಯಷ್ಟು ಏರಿಸಬಹುದು, ಹಾಗಾಗಿ ತೂಕ ಸ್ಥಿರವಾಗುವ ತನಕ ತಡೆ. ಇಲ್ಲದಿದ್ದರೆ ಯಾವುದರಿಂದ ಏರಿತೆಂದು ತಿಳಿಯುವುದಿಲ್ಲ.

ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ತೂಗು, ವಾರದ ಸರಾಸರಿ ನೋಡು. ಹೊಟ್ಟೆಯ ಸುತ್ತಳತೆ ವಾರಕ್ಕೊಮ್ಮೆ, ಉಸಿರು ಬಿಟ್ಟು, ಟೇಪು ಅದೇ ಹೊಕ್ಕುಳ ಮಟ್ಟದಲ್ಲಿ. ಅಂದಹಾಗೆ ಜೋಲು ಭಾಗವನ್ನು ಚಿವುಟಿ ನೋಡು: ಅಂಗೈ ಹಿಂಭಾಗದ ಚರ್ಮದಷ್ಟೇ ತೆಳ್ಳಗಿದ್ದರೆ ಅದು ಸಡಿಲ ಚರ್ಮ, ಊಟ ಬಿಟ್ಟರೂ ಕರಗದು. ನಾಲ್ಕು ವಾರದಲ್ಲಿ ಸುತ್ತಳತೆ 1.5 ಸೆಂ.ಮೀ.ಗಿಂತ ಹೆಚ್ಚಿದರೆ ಎಣ್ಣೆ, ಕಾಯಿತುರಿಯಿಂದ 150 ಕ್ಯಾಲೊರಿ ತೆಗೆ, ಪ್ರೋಟೀನ್ ಮುಟ್ಟಬೇಡ. ಅಳತೆ ಹಾಗೇ ಇದ್ದು ಪುಸ್ತಕದಲ್ಲಿ ಭಾರ ಏರುತ್ತಿದ್ದರೆ ಏನನ್ನೂ ಬದಲಿಸಬೇಡ.