ಪದಚರ್ಚೆ: ‘ಆರ್ಥಿಕ ಏಕೀಕರಣ’, ‘ಸ್ಪರ್ಧಾತ್ಮಕತೆ’, ‘ಮೂಲ ನಿಯಮ’ – ಇವುಗಳ ಬದಲು ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾಫಿ, ಮೆಣಸು ಬೆಳೆಯುವವರು ಓದಲಿ ಎಂದು ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ದಕ್ಷಿಣ ಏಷ್ಯಾದ ದೇಶಗಳು ಪರಸ್ಪರ ಸುಂಕ ಇಳಿಸಿಕೊಂಡು ಹೇಗೆ ವ್ಯಾಪಾರ ಮಾಡುತ್ತವೆ, ಅದರಿಂದ ತೋಟದ ಬೆಲೆಗೆ ಏನಾಗುತ್ತದೆ ಎಂಬುದು ವಿಷಯ. ಮೂರು ಪದಗಳ ಹತ್ತಿರ ಬರವಣಿಗೆ ನಿಂತಿದೆ. ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ಬಳಸುವ ಪದಗಳು ನನಗೆ ಗೊತ್ತು. ಆದರೆ ಅವು ಓದುಗರಿಗೆ ಬೇರೆಯದೇ ಅರ್ಥ ಕೊಡುತ್ತವೆ ಅನ್ನೋದು ನನ್ನ ತಕರಾರು.

ಮೊದಲನೆಯದು ‘ಆರ್ಥಿಕ ಏಕೀಕರಣ’. ದೇಶಗಳು ಸುಂಕ ಇಳಿಸಿಕೊಂಡು ವ್ಯಾಪಾರದಲ್ಲಿ ಹತ್ತಿರವಾಗುವುದಕ್ಕೆ ಇಟ್ಟಿರುವ ಹೆಸರು ಇದು. ಏಕೀಕರಣ ಅಂದ ತಕ್ಷಣ ಕನ್ನಡದವರಿಗೆ ನೆನಪಾಗುವುದು 1956ರ ನವೆಂಬರ್ 1. ಮುಂಬೈ, ಮದರಾಸು, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರು ಒಂದೇ ಸರಕಾರದ ಕೆಳಗೆ ಬಂದ ದಿನ ಅದು. ಅಲ್ಲಿ ಹಳೆಯ ಗಡಿಗಳು ಅಳಿಸಿಹೋದವು. ಜನ ಜೈಲಿಗೆ ಹೋಗಿ ಗಳಿಸಿದ ಮಾತು ಅದು. ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್‌ನಲ್ಲಿ ನಡೆದಿರುವುದು ಹಾಗಲ್ಲ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಹುಟ್ಟಿತು. ಮುಕ್ತ ವ್ಯಾಪಾರದ ಒಪ್ಪಂದವಾದ ಸಾಫ್ಟಾಗೆ 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು, 2006ರಲ್ಲಿ ಅದು ಜಾರಿಗೆ ಬಂತು. ಇಷ್ಟಾದರೂ ಎಲ್ಲ ಗಡಿಗಳೂ ಹಾಗೇ ಇವೆ, ನೋಟುಗಳು ಬೇರೆ, ಕಾನೂನು ಬೇರೆ. ಕೆಲವು ಸರಕುಗಳ ಮೇಲಿನ ಸುಂಕ ಮಾತ್ರ ಕಡಿಮೆಯಾಯಿತು. ಇದನ್ನು ಏಕೀಕರಣ ಎಂದು ಕರೆದರೆ, ಓದಿದವರು ‘ಓಹೋ, ಎಲ್ಲ ಒಂದಾಗುತ್ತಿವೆ’ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. 2014ರ ಕಠ್ಮಂಡು ಸಭೆ ಆದ ಮೇಲೆ ಸಾರ್ಕ್ ನಾಯಕರು ಶೃಂಗಸಭೆಗೆ ಒಟ್ಟಿಗೆ ಕೂತೇ ಇಲ್ಲ.

ಪೂರ್ವ ಆಫ್ರಿಕಾದ ವಿಷಯದಲ್ಲಿ ಮಾತ್ರ ಏಕೀಕರಣ ಎಂಬ ಪದ ಹೆಚ್ಚು ಒಪ್ಪುತ್ತದೆ ಅನಿಸುತ್ತದೆ. ಕೀನ್ಯಾ, ಉಗಾಂಡಾ, ತಾಂಜಾನಿಯಾ 1967ರಲ್ಲಿ ಒಂದು ಸಮುದಾಯ ಕಟ್ಟಿಕೊಂಡವು. ರೈಲು, ವಿಮಾನ ಎಲ್ಲ ಜಂಟಿಯಾಗಿಯೇ ನಡೆಯುತ್ತಿತ್ತು. ಕಾರ್ಖಾನೆಗಳು ಜಾಸ್ತಿ ಇದ್ದದ್ದು ಕೀನ್ಯಾದಲ್ಲಿ. ಲಾಭವೆಲ್ಲ ಅಲ್ಲಿಗೇ ಹೋಗುತ್ತದೆ ಎಂಬ ಅಸಮಾಧಾನ ಉಳಿದಿಬ್ಬರಿಗೆ. ಅದರ ಜೊತೆಗೆ ತಾಂಜಾನಿಯಾದ ಅಧ್ಯಕ್ಷ ನ್ಯೆರೇರೆ ಮತ್ತು ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ನಡುವಿನ ಹಗೆ. 1977ರಲ್ಲಿ ಸಮುದಾಯ ಮುರಿದುಬಿತ್ತು. ಹೊಸ ಒಪ್ಪಂದಕ್ಕೆ 1999ರಲ್ಲಿ ತಾಂಜಾನಿಯಾದ ಅರೂಶಾದಲ್ಲಿ ಸಹಿಯಾಯಿತು. 2005ರಲ್ಲಿ ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ಹಾಕುವ ವ್ಯವಸ್ಥೆ ಬಂತು, 2010ರಲ್ಲಿ ಸಾಮಾನ್ಯ ಮಾರುಕಟ್ಟೆ ಬಂತು. ಮುಂದೊಂದು ದಿನ ರಾಜಕೀಯವಾಗಿಯೂ ಒಂದು ಒಕ್ಕೂಟ ಆಗಬೇಕೆಂದು ಆ ಒಪ್ಪಂದದಲ್ಲೇ ಬರೆದಿದೆ. ಈ ಸಲ ಹಳೆಯ ಪಾಠ ಕಲಿತು, ಕೀನ್ಯಾದ ಕೆಲವು ಸರಕಿಗೆ ಉಳಿದಿಬ್ಬರು ಐದು ವರ್ಷ ಸುಂಕ ಹಾಕಬಹುದು, ವರ್ಷವರ್ಷ ಇಳಿಸುತ್ತಾ ಬರಬೇಕು ಎಂದು ಮಾಡಿಕೊಂಡರು. ಬಲವಾದವನು ಸ್ವಲ್ಪ ಕಾಯಬೇಕು ಎಂಬ ಈ ಏರ್ಪಾಡು ನನಗೆ ತುಂಬಾ ಹಿಡಿಸಿತು.

ಹಾಗಾದರೆ ನಮ್ಮ ಕಡೆಯದಕ್ಕೆ ಏನೆನ್ನೋಣ? ‘ವ್ಯಾಪಾರದ ಹೊಂದಾಣಿಕೆ’ ಅನ್ನಬಹುದು, ಆದರೆ ರಾಜಕಾರಣದಲ್ಲಿ ಬಳಸಿ ಬಳಸಿ ‘ಹೊಂದಾಣಿಕೆ’ಗೆ ಒಳಒಪ್ಪಂದದ ವಾಸನೆ ಹತ್ತಿದೆ. ‘ಬೆಸುಗೆ’ ಅಂದರೆ ಒಮ್ಮೆ ಬೆಸೆದದ್ದು ಬಿಡಿಸಲಾಗದು ಎಂಬ ಅರ್ಥ ಬರುತ್ತದೆ. ‘ಒಗ್ಗೂಡಿಕೆ’ ಸದ್ಯಕ್ಕೆ ನನಗೆ ಹತ್ತಿರದ ಪದ. ಬೇರೆ ಬೇರೆಯಾಗಿದ್ದುಕೊಂಡೇ ಒಂದು ಕೆಲಸಕ್ಕೆ ಕೂಡುವುದು ಅದರಲ್ಲಿದೆ ಅಲ್ವಾ?

ಎರಡನೆಯದು ‘ಮೂಲ ನಿಯಮ’. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಮೆಣಸು ಬೆಳೆಗಾರರ ಸಂಕಟವೆಲ್ಲ ಇದರಲ್ಲೇ ಇದೆ.

ಪೂರ್ವ ಆಫ್ರಿಕಾದಂತೆ ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ಹಾಕಿದರೆ, ಸರಕು ಯಾವ ಬಾಗಿಲಿನಿಂದ ಒಳಗೆ ಬಂದರೂ ವ್ಯತ್ಯಾಸವಿಲ್ಲ. ಸಾಫ್ಟಾ ಹಾಗಿಲ್ಲ. ಪ್ರತಿ ದೇಶಕ್ಕೂ ಹೊರಗಿನವರ ಮೇಲೆ ತನ್ನದೇ ಸುಂಕ ಇದೆ. ಹೊರಗಿನ ಸರಕು ಒಂದು ಸದಸ್ಯ ದೇಶದ ಸರಕಿನ ವೇಷದಲ್ಲಿ ಇನ್ನೊಂದಕ್ಕೆ ಕಡಿಮೆ ಸುಂಕದಲ್ಲಿ ನುಗ್ಗಬಹುದು. ಹಾಗಾಗಿ ಸರಕು ನಿಜವಾಗಿ ಎಲ್ಲಿ ಬೆಳೆದದ್ದು, ಎಲ್ಲಿ ತಯಾರಾದದ್ದು ಎಂದು ಕೇಳಬೇಕಾಗುತ್ತದೆ. ಆ ಕೇಳುವ ನಿಯಮಕ್ಕೇ ‘ಮೂಲ ನಿಯಮ’ ಎಂಬ ಹೆಸರು ಇಟ್ಟಿದ್ದಾರೆ. ಆದರೆ ಕನ್ನಡದಲ್ಲಿ ಮೂಲ ನಿಯಮ ಅಂದರೆ ಬುನಾದಿಯ ನಿಯಮ, ಎಲ್ಲಕ್ಕಿಂತ ಮುಖ್ಯವಾದ ನಿಯಮ. ಓದುಗರು ಅಲ್ಲೇ ದಾರಿ ತಪ್ಪುತ್ತಾರೆ.

ಕರಿಮೆಣಸಿನ ಲೆಕ್ಕ ನೋಡಿ. ಹೊರದೇಶದ ಮೆಣಸಿಗೆ ಭಾರತದ ಸಾಮಾನ್ಯ ಸುಂಕ 70%. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆ ಒಪ್ಪಂದ ಇರುವುದರಿಂದ ವಿಯೆಟ್ನಾಂ ಮೆಣಸಿಗೆ ಅದು 50%ರ ಆಸುಪಾಸು. ಶ್ರೀಲಂಕಾದ ಮೆಣಸಿಗೆ ಸಾಫ್ಟಾದಲ್ಲಿ 8%. 2000ದಿಂದ ಜಾರಿಯಲ್ಲಿರುವ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಇಷ್ಟು ಅಂತರ ಇದ್ದರೆ ವಿಯೆಟ್ನಾಂ ಮೆಣಸು ಕೊಲಂಬೊ ಸುತ್ತಿಕೊಂಡು, ಲಂಕಾದ ಕಾಗದ ಹಿಡಿದು ಬರುವ ಆಸೆ ಹುಟ್ಟದೆ ಇರುತ್ತದೆಯೇ? ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಗಳು ವರ್ಷಗಳಿಂದ ಹೇಳುತ್ತಿರುವುದು ಇದನ್ನೇ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರಿಸುವಂತಿಲ್ಲ ಎಂದು ಆದೇಶ ಮಾಡಿದ್ದು ಈ ಕೂಗು ಕೇಳಿದ ಮೇಲೆ.

ನನಗೆ ಹೊಳೆದ ಪದ ‘ತವರು’. ಮೆಣಸಿನ ತವರು, ಸರಕಿನ ತವರು ಎಂದು ಕನ್ನಡದಲ್ಲಿ ಸಹಜವಾಗಿ ಹೇಳುತ್ತೇವೆ. ‘ತವರು ನಿಯಮ’, ಅದನ್ನು ತೋರಿಸುವ ಕಾಗದಕ್ಕೆ ‘ತವರು ಪತ್ರ’. ಲಂಕಾದ ಮೂಲಕ ಬಂದ ವಿಯೆಟ್ನಾಂ ಮೆಣಸಿನ ವಿಷಯವನ್ನು ಈ ಪದಗಳಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು: ಅದರ ತವರು ಪತ್ರ ಸುಳ್ಳು.

ಆದರೆ ಎಣ್ಣೆಯ ವಿಷಯಕ್ಕೆ ಬಂದಾಗ ಈ ಪದ ಸೋಲುತ್ತದೆ. ನೇಪಾಳ ಸೋಯಾ ಎಣ್ಣೆಯನ್ನು ಶುದ್ಧ ಮಾಡಿ ಭಾರತಕ್ಕೆ ಕಳಿಸುತ್ತದೆ. ಕಚ್ಚಾ ಸೋಯಾ ಎಣ್ಣೆ ಬರುವುದು ಅರ್ಜೆಂಟೀನಾದಂಥ ದೂರದ ದೇಶಗಳಿಂದ. ಅದನ್ನು ನೇಪಾಳದಲ್ಲಿ ರಿಫೈನ್ ಮಾಡಿ, ಒಪ್ಪಂದ ಕೇಳುವಷ್ಟು ಮೌಲ್ಯ ಸೇರಿಸಿದ್ದೇವೆ ಎಂದು ತೋರಿಸಿ, ನೇಪಾಳದ ಸರಕಾಗಿ ಸುಂಕವಿಲ್ಲದೆ ಗಡಿ ದಾಟಿಸುತ್ತಾರೆ. ಇದು ಕಳ್ಳತನವಲ್ಲ, ನಿಯಮದೊಳಗೇ ಇದೆ. ಆದರೂ ಕನ್ನಡದ ಕಿವಿಗೆ ಆ ಎಣ್ಣೆಯ ತವರು ನೇಪಾಳ ಅಂದರೆ ಒಪ್ಪುವುದಿಲ್ಲ. ಬೆಳೆದ ಜಾಗ ಮತ್ತು ತಯಾರಾದ ಜಾಗ ಎರಡನ್ನೂ ಹಿಡಿಯುವ ಒಂದು ಪದ ಬೇಕು. ‘ಹುಟ್ಟುನೆಲೆ’ ಆಗಬಹುದೇ? ನನಗೆ ಅದರ ಮೇಲೆ ಪೂರ್ತಿ ಮನಸ್ಸಿಲ್ಲ.

ಮೂರನೆಯದು ‘ಸ್ಪರ್ಧಾತ್ಮಕತೆ’. ಈ ಪದ ಓದಿದರೆ ಮೊದಲು ನೆನಪಾಗುವುದು ಸ್ಪರ್ಧಾತ್ಮಕ ಪರೀಕ್ಷೆ. ಆಮೇಲೆ ಅಂಗಡಿಗಳ ಜಾಹೀರಾತಿನ ‘ಸ್ಪರ್ಧಾತ್ಮಕ ಬೆಲೆ’. ನಾನು ಹೇಳಬೇಕಾದದ್ದು ಬೇರೆ: ಬೇರೆಯವರು ಮಾರುವ ಬೆಲೆಗೇ ಮಾರಿಯೂ ನಷ್ಟವಾಗದೆ ಉಳಿಯುವ ಶಕ್ತಿ. ಸಂತೆಯಲ್ಲಿ, ಮಂಡಿಯಲ್ಲಿ ಇದಕ್ಕೆ ಮಾತು ಇದೆ. ‘ಈ ರೇಟಿಗೆ ಕೊಯ್ಲಿನ ಕೂಲಿಯೂ ಗಿಟ್ಟಲ್ಲ’ ಅನ್ನುತ್ತಾರೆ. ಈಗ ‘ವರ್ಕೌಟ್ ಆಗಲ್ಲ’ ಅಂತಲೂ ಹೇಳುತ್ತಾರೆ. ಗಿಟ್ಟು ಎಂಬ ಕ್ರಿಯಾಪದ ನನಗೆ ಬಹಳ ಇಷ್ಟ. ಕೊಡಗಿನಲ್ಲಿ ಮೆಣಸಿನ ಬಳ್ಳಿ ಕಾಫಿ ತೋಟದ ನೆರಳುಮರಕ್ಕೆ ಹಬ್ಬಿರುತ್ತದೆ, ಅದು ಜೊತೆಬೆಳೆ. ವಿಯೆಟ್ನಾಂನವರು ಮೆಣಸನ್ನೇ ಮುಖ್ಯ ಬೆಳೆಯಾಗಿ ಒತ್ತೊತ್ತಾಗಿ ಬೆಳೆಯುತ್ತಾರೆ, ಎಕರೆಗೆ ಇಳುವರಿ ನಮಗಿಂತ ಎಷ್ಟೋ ಜಾಸ್ತಿ. ಅವರಿಗೆ ಗಿಟ್ಟುವ ಬೆಲೆ ನಮಗೆ ಗಿಟ್ಟುವುದಿಲ್ಲ.

ಆದರೆ ಗಿಟ್ಟುವುದು ಒಬ್ಬನ ಜೇಬಿನ ಲೆಕ್ಕ. ಎದುರಾಳಿಯ ಜೊತೆ ಹೋಲಿಸುವ ಭಾವ ಅದರಲ್ಲಿ ಇಲ್ಲ. ‘ಪೈಪೋಟಿ ಕಸುವು’ ಅಂದರೆ ಆ ಹೋಲಿಕೆ ಬರುತ್ತದೆ. ಹಾಗಿದ್ದರೂ ಕಸುವು ಅಂದರೆ ಸ್ವಂತ ಶಕ್ತಿ ಎಂದೇ ಅರ್ಥ. ಬಟ್ಟೆಯ ಉದಾಹರಣೆ ತೆಗೆದುಕೊಳ್ಳಿ. ಬಾಂಗ್ಲಾದೇಶವನ್ನು ಹಿಂದುಳಿದ ದೇಶ ಎಂದು ಗುರುತಿಸಿರುವುದರಿಂದ ಅಲ್ಲಿನ ಸಿದ್ಧ ಉಡುಪು ಯುರೋಪಿಗೆ ಸುಂಕವಿಲ್ಲದೆ ಹೋಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗೆ ಸುಂಕ ಬೀಳುತ್ತಾ ಬಂದಿದೆ. ಪೀಣ್ಯದ ಹೆಣ್ಣುಮಗಳು ಢಾಕಾದವಳಷ್ಟೇ ಚೆನ್ನಾಗಿ, ಅಷ್ಟೇ ಬೇಗ ಹೊಲಿದರೂ ಆರ್ಡರ್ ಅಲ್ಲಿಗೆ ಹೋಗಬಹುದು. ಇದನ್ನು ‘ನಮ್ಮ ಕಸುವು ಕಡಿಮೆ’ ಎಂದು ಬರೆದರೆ ಅವಳಿಗೆ ಅನ್ಯಾಯವಾಗುತ್ತದೆ. ಈ ಕಾರಣಕ್ಕೇ ನಾನು ಪದವನ್ನು ಸುಮ್ನೆ ಒಪ್ಪಿಕೊಳ್ಳದೆ ಇಲ್ಲಿ ಕೇಳುತ್ತಿರುವುದು.

ಇನ್ನೊಂದು ತೊಡಕಿದೆ. ನೆರೆಯ ದೇಶಗಳು ಬೆಳೆಯುವುದೂ ತಯಾರಿಸುವುದೂ ಬಹುಪಾಲು ಒಂದೇ: ಮೆಣಸು, ಚಹಾ, ಅಡಿಕೆ, ಉಡುಪು. ಒಗ್ಗೂಡಬೇಕಾದವರೇ ಒಬ್ಬರಿಗೊಬ್ಬರು ಎದುರಾಳಿಗಳು. ದಕ್ಷಿಣ ಏಷ್ಯಾದ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ಸುಮಾರು 5% ಮಾತ್ರ ಇರುವುದಕ್ಕೆ ಇದೂ ಒಂದು ಕಾರಣ. ಆಸಿಯಾನ್‌ನಲ್ಲಿ ಅದು ನಾಲ್ಕನೇ ಒಂದು ಭಾಗದ ಹತ್ತಿರ. ಹಾಗಾಗಿ ‘ಒಗ್ಗೂಡಿಕೆ’ ಮತ್ತು ‘ಪೈಪೋಟಿ’ ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಓದುಗರಿಗೆ ಗೊಂದಲವಾಗದ ಹಾಗಿರಬೇಕು.

ಸುಂಕವಲ್ಲದೆ ವ್ಯಾಪಾರಕ್ಕೆ ಅಡ್ಡ ಬರುವ ಇತರ ತೊಡಕುಗಳಿಗೆ ಬಳಸುವ ‘ಸುಂಕೇತರ ಅಡೆತಡೆ’ ಎಂಬ ಪದದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಸುಂಕ ನಮ್ಮ ಹಳೆಯ ಮಾತು, ಹೆಜ್ಜುಂಕ ಎಂದು ಶಾಸನಗಳಲ್ಲೇ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಗೊತ್ತಿರುವ ಓದುಗರಿಗೆ, ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಭಾರತದ ಲಾರಿಯಿಂದ ಮಾಲು ಇಳಿಸಿ ಬಾಂಗ್ಲಾ ಲಾರಿಗೆ ಏರಿಸುವ ಪಾಡನ್ನು ವಿವರಿಸಿದರೆ ಸಾಕು. ‘ಗಡಿ ತಾಪತ್ರಯ’ ಎಂದೇ ಬರೆದಿದ್ದೇನೆ.

ಈಗ ನನ್ನ ಕೇಳಿಕೆ. ಅಡಿಕೆ ಮಂಡಿಯಲ್ಲಿ, ಹತ್ತಿ ಮಾರುಕಟ್ಟೆಯಲ್ಲಿ, ಬಂದರಿನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿ ಇದ್ದೀರಿ. ಸರಕು ಎಲ್ಲಿಯದು ಎಂದು ಕೇಳುವಾಗ ನಿಮ್ಮ ಕಡೆ ಯಾವ ಪದ ಬಳಸುತ್ತಾರೆ? ಬೇರೆ ಊರಿನ ಮಾಲಿನ ರೇಟಿಗೆ ನಮ್ಮ ಮಾಲು ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ ಅನ್ನುವುದಕ್ಕೆ ‘ಗಿಟ್ಟು’ ಬಿಟ್ಟು ಬೇರೆ ಮಾತು ಉಂಟಾ? ಮಂಗಳೂರು, ಹುಬ್ಬಳ್ಳಿ, ರಾಯಚೂರು ಕಡೆಯವರು ದಯವಿಟ್ಟು ಬರೆಯಿರಿ. ಆ ಮಾತನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂದು ಒಂದು ವಾಕ್ಯ ಜೊತೆಗಿದ್ದರೆ ಇನ್ನೂ ಒಳ್ಳೆಯದು.